ಮರಿಲಿಂಗಪ್ಪ ಬರೆದ ಪೇಪರು

ಸುರಪುರದ ಮರಿಲಿಂಗಪ್ಪನ ಬಲಗೈ ನಡುಬೆರಳು ಇವತ್ತಿಗೂ ಸೊಟ್ಟ. ಯಾರಾದರೂ ಕೇಳಿದರೆ "ಹಾಕಿ ಆಡೂ ಮುಂದ ಬಾಲ್ ಬಡದದ" ಎಂದು ಹೇಳಿ ಮಾತು ಬದಲಿಸುತ್ತಾನೆ. ಸುಳ್ಳಲ್ಲ. ಬಾಲು ಬಡಿದದ್ದು ನಿಜ, ಅದೂ ಯಾದಗಿರಿಯ ಮೈದಾನದಲ್ಲಿ, ನೂರಾರು ಮಂದಿಯ ಕಣ್ಣೆದುರು. ಆದರೆ ಸುರಪುರದ ಗೋಲ್‌ಕೀಪರ್ ಯಾದಗಿರಿಯ ಗೋಲಿನಲ್ಲಿ ಯಾಕೆ ನಿಂತಿದ್ದ ಎಂಬುದನ್ನು ಮಾತ್ರ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಿಟ್ಟರೆ ಮರ್ಯಾದೆ ಉಳಿಯುವುದಿಲ್ಲ. ಅವನು ಹೇಳದಿದ್ದದ್ದನ್ನು ನಾನು ಹೇಳುತ್ತೇನೆ.

ಕೃಷ್ಣೆಯ ನೀರು ಕಾಲುವೆಗೆ ಬಂದು ಆಗ ಮೂರೋ ನಾಲ್ಕೋ ವರ್ಷವಾಗಿತ್ತು. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಕಾಲುವೆಯ ಕ್ಯಾಂಪು ಒಂದು ಊರಷ್ಟೇ ಬೆಳೆದು ನಿಂತಿತ್ತು. ಸಾಲು ಸಾಲು ಕ್ವಾರ್ಟರ್ಸು, ಮನೆಯೊಳಗೇ ನಲ್ಲಿ, ರಸ್ತೆಗೆ ಲೈಟು. ಅಲ್ಲಿಯ ದೊಡ್ಡ ಸಾಹೇಬರು ಕೊಡಗಿನ ಕಡೆಯವರು. ಅವರಿಗೆ ಹಾಕಿಯೆಂದರೆ ಊಟ ಬಿಟ್ಟು ಓಡುವಷ್ಟು ಹುಚ್ಚು. ರೋಡ್ ರೋಲರ್ ಉರುಳಿಸಿ ಮೈದಾನ ಮಾಡಿಸಿದರು, ಟೀಮು ಕಟ್ಟಿದರು, ಒಳ್ಳೆಯ ಆಟಗಾರ ಕಂಡರೆ ಕರೆದು ಕಾಲುವೆಯ ಮೇಲೆ ನೌಕರಿ ಕೊಟ್ಟು ಸಹಿ ಹಾಕಿಸಿಕೊಂಡರು. ಇದನ್ನು ನೋಡಿ ಯಾದಗಿರಿಯ ಗಂಜಿನ, ಅಂದರೆ ದವಸದ ಮಾರುಕಟ್ಟೆಯ, ವ್ಯಾಪಾರಿಗಳಿಗೂ ಛಲ ಹುಟ್ಟಿತು. ಅವರೂ ಒಂದು ಕ್ಲಬ್ಬು ಮಾಡಿ, ಹತ್ತಿ ಬಿಡಿಸುವ ಜಿನ್ನುಗಳಲ್ಲಿ ಆಟಗಾರರಿಗೆ ಕೆಲಸ ಕೊಡತೊಡಗಿದರು. ಪಗಾರ ಕ್ಯಾಂಪಿಗಿಂತ ಹೆಚ್ಚು.

ಇಬ್ಬರಿಗೂ ಹುಡುಗರು ಸಿಗುತ್ತಿದ್ದದ್ದು ಸುರಪುರದಲ್ಲಿ. ನಿಜಾಮನ ಕಾಲದಲ್ಲಿ ಹೈದರಾಬಾದಿನಿಂದ ಬಂದ ಡ್ರಿಲ್ ಮಾಸ್ತರನೊಬ್ಬ ಕಲಿಸಿ ಹೋದ ಆಟ ಅಲ್ಲಿ ಉಳಿದುಕೊಂಡಿತ್ತು. ಸುರಪುರದ ಟೀಮಿಗೆ ಎಂಟು ವರ್ಷದಿಂದ ಮರಿಲಿಂಗಪ್ಪನೇ ಗೋಲ್‌ಕೀಪರ್. ಮೋಚಿಯ ಕಡೆ ಹೊಲಿಸಿದ, ಹತ್ತಿ ತುಂಬಿದ ಪ್ಯಾಡು ಕಟ್ಟಿಕೊಂಡು ಬಿಸಿಲಲ್ಲಿ ನಿಂತರೆ ಎದೆ ತನಕ ಬೆವರು. ಅವನು ತಡೆದ ಬಾಲಿಗೆ ಲೆಕ್ಕವಿಲ್ಲ. ಆದರೆ ಆಟ ಮುಗಿದ ಮೇಲೆ ಜನ ಹೆಗಲ ಮೇಲೆ ಎತ್ತಿಕೊಂಡು ಕುಣಿಯುತ್ತಿದ್ದದ್ದು ಚಾಂದಪಾಶಾನನ್ನು.

ಚಾಂದಪಾಶಾ ಸೆಂಟರ್ ಫಾರ್ವರ್ಡ್. ಅದೇ ಓಣಿಯವನು, ಮರಿಲಿಂಗಪ್ಪನಿಗಿಂತ ಐದು ವರ್ಷ ಚಿಕ್ಕವನು. ಅವನಿಗೆ ಮೊದಲ ಸಲ ಸ್ಟಿಕ್ ಹಿಡಿಯಲು ಹೇಳಿಕೊಟ್ಟವನೇ ಮರಿಲಿಂಗಪ್ಪ. ಅದನ್ನು ಚಾಂದಪಾಶಾ ಎಲ್ಲರ ಮುಂದೆ ಹೇಳುತ್ತಿದ್ದ, "ನಮ್ಮ ಅಣ್ಣ ಕಲಿಸ್ಯಾನ" ಎಂದು. ಜನ ಕೇಳಿ ತಲೆಯಾಡಿಸಿ ಮತ್ತೆ ಚಾಂದಪಾಶಾನ ಬೆನ್ನನ್ನೇ ಚಪ್ಪರಿಸುತ್ತಿದ್ದರು. ಮರಿಲಿಂಗಪ್ಪ ಒಂದು ಬದಿಗೆ ಕೂತು ಪ್ಯಾಡಿನ ಪಟ್ಟಿ ಬಿಚ್ಚುತ್ತಿದ್ದ. ಗೋಲು ಹೊಡೆಯುವುದು ಯಾವ ದೊಡ್ಡ ಮಾತು, ತಡೆಯುವವನು ಇಲ್ಲದಿದ್ದರೆ ಇವನ ಗೋಲಿಗೆ ಏನು ಕಿಮ್ಮತ್ತು ಎಂದು ಮನೆಗೆ ಹೋಗಿ ಹೆಂಡತಿ ಮೌನಮ್ಮನ ಮುಂದೆ ಹೇಳುತ್ತಿದ್ದ. ಅವಳು ರೊಟ್ಟಿ ಬಡಿಯುತ್ತಾ "ಹೌದ್ರಿ" ಅನ್ನುತ್ತಿದ್ದಳು. ಅವಳೂ ಆಟ ನೋಡಲು ಹೋದರೆ ಚಾಂದಪಾಶಾನನ್ನೇ ನೋಡುತ್ತಾಳೆಂದು ಅವನಿಗೆ ಗೊತ್ತಿತ್ತು.

ಇಂಥವನ ಕೈಗೆ ಪೇಪರು ಸಿಕ್ಕಿತು ನೋಡಿ.

ಗುಲಬರ್ಗಾದಿಂದ ಬರುವ ನಾಲ್ಕು ಪುಟದ ಪೇಪರಿಗೆ ಸುರಪುರದ ಸುದ್ದಿ ಕಳಿಸುತ್ತಿದ್ದವರು ಬಸವಂತ್ರಾಯ ಮಾಸ್ತರರು. ಆಟ ನಡೆಯುತ್ತಿದ್ದದ್ದು ರವಿವಾರ. ಮಾಸ್ತರರ ಹೊಲಕ್ಕೆ ಕಾಲುವೆ ನೀರಿನ ಪಾಳಿ ಬರುತ್ತಿದ್ದದ್ದೂ ರವಿವಾರವೇ. ಪಾಳಿ ದಿನ ಹೊಲದಲ್ಲಿ ನಿಲ್ಲದಿದ್ದರೆ ಮೇಲಿನ ಹೊಲದವನು ನೀರನ್ನು ತನ್ನ ಕಡೆ ತಿರುಗಿಸಿಕೊಳ್ಳುವುದು ಗ್ಯಾರಂಟಿ. ಆಟ ನೋಡಬೇಕೋ, ಭತ್ತ ಉಳಿಸಿಕೊಳ್ಳಬೇಕೋ? ಮಾಸ್ತರರು ಭತ್ತದ ಕಡೆ ಹೋದರು. ಹೋಗುವ ಮೊದಲು ಮರಿಲಿಂಗಪ್ಪನನ್ನು ಕರೆದರು. ಅವನು ಎಸ್ಸೆಸ್ಸೆಲ್ಸಿ ಪಾಸು, ಅಕ್ಷರ ದುಂಡಗೆ.

"ನೀ ಗೋಲಿನ್ಯಾಗ ನಿಂತಿರ್ತಿ, ಪೂರಾ ಆಟ ಕಾಣಸ್ತದ. ಒಂದು ಹಾಳಿ ಮ್ಯಾಲ ಬರದು ಕೊಡು. ನಾ ಲಕೋಟಿ ಮ್ಯಾಲ ನನ್ನ ಹೆಸರು ಹಾಕಿ ಬಸ್ ಕಂಡಕ್ಟರ್ ಕೈಯಾಗ ಕಳಸ್ತೀನಿ. ಯಾರ ಮುಂದೂ ಅನಬ್ಯಾಡ ಮತ್ತ."

"ಆಯ್ತ್ರಿ ಸರ್" ಅಂದ ಮರಿಲಿಂಗಪ್ಪ. ರವಿವಾರ ಸಂಜೆ ಬರೆದದ್ದು ಸೋಮವಾರದ ಬಸ್ಸಿಗೆ ಹೋಗಿ ಮಂಗಳವಾರ ಅಚ್ಚಾಗಿ ಬರುತ್ತಿತ್ತು, ಮೇಲೆ ಯಾರ ಹೆಸರೂ ಇಲ್ಲದೆ 'ನಮ್ಮ ಬಾತ್ಮೀದಾರರಿಂದ' ಎಂದಷ್ಟೇ ಇರುತ್ತಿತ್ತು.

ಮೊದಲ ಸಲ ಅವನು ಪ್ರಾಮಾಣಿಕವಾಗಿಯೇ ಬರೆದ. ಚಾಂದಪಾಶಾ ಎರಡು ಗೋಲು ಹೊಡೆದಿದ್ದ, ಹೊಡೆದ ಎಂದೇ ಬರೆದ. ತಾನು ತಡೆದ ಪೆನಾಲ್ಟಿಯ ವಿಷಯ ಬಂದಾಗ ಪೆನ್ನು ನಿಂತಿತು. ತನ್ನ ಹೊಗಳಿಕೆಯನ್ನು ತಾನೇ ಹೇಗೆ ಬರೆದುಕೊಳ್ಳುವುದು? ನಾಳೆ ಮಾಸ್ತರರು ನೋಡಿ ನಕ್ಕರೆ? ಸಂಕೋಚಪಟ್ಟು "ಗೋಲ್‌ಕೀಪರ್ ಸಹ ಚೆನ್ನಾಗಿ ಆಡಿದರು" ಎಂದು ಒಂದು ಸಾಲು ಹಾಕಿದ, ಹೆಸರು ಹಾಕಲಿಲ್ಲ. ಪೇಪರಿನವರು ಜಾಗ ಸಾಲದೆಂದು ಆ ಸಾಲನ್ನೂ ಕಿತ್ತುಹಾಕಿದ್ದರು. ಮಂಗಳವಾರ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಜನ ಪೇಪರು ಎಳೆದಾಡಿ ಓದಿದರು, ಚಾಂದಪಾಶಾನಿಗೆ ಪುಕ್ಕಟೆ ಚಹಾ ಕುಡಿಸಿದರು. ಮರಿಲಿಂಗಪ್ಪ ತನ್ನ ಚಹಾಕ್ಕೆ ತಾನೇ ರೊಕ್ಕ ಕೊಟ್ಟು ಎದ್ದು ಬಂದ. ತನ್ನ ಕೈಯಾರೆ ಬರೆದು ತಾನೇ ಅವನನ್ನು ಮೇಲಕ್ಕೇರಿಸಿದೆನಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದ.

ಮುಂದಿನ ರವಿವಾರದಿಂದ ಪೆನ್ನಿನ ದಾರಿ ಬದಲಾಯಿತು. ಸುಳ್ಳು ಬರೆಯುವಷ್ಟು ಧೈರ್ಯ ಅವನಿಗಿರಲಿಲ್ಲ, ಅಗತ್ಯವೂ ಬೀಳಲಿಲ್ಲ. ಯಾವ ಫಾರ್ವರ್ಡ್ ತಾನೇ ಗೋಲು ತಪ್ಪಿಸುವುದಿಲ್ಲ? ಹೊಡೆದದ್ದನ್ನು ಅರ್ಧ ಸಾಲಿನಲ್ಲಿ ಮುಗಿಸಿ, ತಪ್ಪಿದ್ದನ್ನು ಮೂರು ಸಾಲು ಎಳೆದ. "ಚಾಂದಪಾಶಾ ಸುಲಭದ ಅವಕಾಶವನ್ನು ಕೈಚೆಲ್ಲಿದರು." "ಚಾಂದಪಾಶಾ ಬಾಲನ್ನು ತಾವೇ ಇಟ್ಟುಕೊಂಡು ಉಳಿದವರಿಗೆ ಕೊಡಲಿಲ್ಲ." ಮಾಸ್ತರರಿಗೆ ಇದು ಬಹಳ ಹಿಡಿಸಿತು. ಬೈಗುಳ ಇದ್ದರೆ ಪೇಪರು ಹೆಚ್ಚು ಖರ್ಚಾಗುತ್ತದೆ ಎಂದರು. ಒಂದೆರಡು ತಿಂಗಳಲ್ಲಿ ಚಹಾದ ಅಂಗಡಿಯ ಜನ ಆಟಕ್ಕಿಂತ ಮಂಗಳವಾರದ ಪೇಪರಿಗೇ ಹೆಚ್ಚು ಕಾಯತೊಡಗಿದರು. ಚಾಂದಪಾಶಾ ಎದುರಿಗೆ ಬಂದರೆ "ಏನಪಾ, ಕೈಚೆಲ್ಲೋ ಸಾಹೇಬ" ಎಂದು ಕಾಡತೊಡಗಿದರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಚಾಂದಪಾಶಾ ಉರ್ದು ಶಾಲೆಯಲ್ಲಿ ಕಲಿತವನು, ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅವನ ತಾಯಿ ಸುಗರಾಬಿಗೆ ಅಕ್ಷರವೇ ಬರುತ್ತಿರಲಿಲ್ಲ. ಅವಳು ಬಸ್‌ಸ್ಟ್ಯಾಂಡಿನ ಹತ್ತಿರ ಬೇವಿನ ಗಿಡದ ಕೆಳಗೆ ಬಳೆ ಮಾರುತ್ತಿದ್ದಳು. ಓಣಿಯ ಎಲ್ಲ ಹೆಂಗಸರ ಕೈಯೂ ಅವಳ ಕೈಯಲ್ಲಿ ಹಾದು ಬಂದದ್ದೇ, ಮೌನಮ್ಮನ ಮದುವೆಯ ಹಸಿರು ಬಳೆ ಇಟ್ಟವಳೂ ಅವಳೇ. ಮಗನ ಹೆಸರು ಬರುತ್ತದೆಂದು ಪ್ರತಿ ಮಂಗಳವಾರ ಪೇಪರು ಕೊಂಡು ಸೆರಗಿನಲ್ಲಿಟ್ಟುಕೊಂಡು ಮಧ್ಯಾಹ್ನ ಮನೆಗೆ ಬರುತ್ತಿದ್ದಳು. ಓದಿ ಹೇಳಲು ಯಾರನ್ನು ಕರೆಯುತ್ತಿದ್ದಳು? ಮರಿಲಿಂಗಪ್ಪನನ್ನೇ.

ಅವನು ಚಾಪೆಯ ಮೇಲೆ ಕೂತು, ತಾನು ಬರೆದದ್ದನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ಓದುತ್ತಿದ್ದ. ಚಾಂದಪಾಶಾ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಓದು ಮುಗಿದ ಮೇಲೆ ಸುಗರಾಬಿಯ ಮುಖ ಸಣ್ಣದಾಗುತ್ತಿತ್ತು.

"ಅವ ಏನು ತಿಂದು ಬರೀತಾನ ಬೇಟಾ? ನನ್ನ ಮಗ ಅವಗ ಏನು ಮಾಡ್ಯಾನ? ಇದನ್ನ ಬರದ ಕೈ ಸೇದಿ ಹೋಗ್ಲಿ, ಮರಗಟ್ಟಿ ಹೋಗ್ಲಿ!"

"ಹೋಗ್ಲಿ ಬಿಡ್ರಿ ಚಾಚಿ, ಪೇಪರ್‌ನವರ ಬುದ್ಧೀನೇ ಹಂಗ" ಎಂದು ಮರಿಲಿಂಗಪ್ಪ ಪೇಪರು ಮಡಿಸುತ್ತಿದ್ದ. ಅವಳು ಅವನಿಗೆಂದು ಹಾಲು ಹೆಚ್ಚು ಹಾಕಿ ಚಹಾ ಮಾಡಿ ಕೊಡುತ್ತಿದ್ದಳು. ಅದನ್ನು ಕುಡಿದೇ ಎದ್ದು ಬರುತ್ತಿದ್ದ. ನಾಚಿಕೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಅದರ ಬೆನ್ನಿಗೇ, ಇಷ್ಟು ಬೈಸಿಕೊಂಡರೂ ಇವನ ಹೆಸರೇ ಅಚ್ಚಾಗುತ್ತದಲ್ಲ, ನನ್ನದಿಲ್ಲವಲ್ಲ ಎಂಬ ಉರಿ ಹತ್ತಿ ನಾಚಿಕೆಯನ್ನು ಸುಟ್ಟುಬಿಡುತ್ತಿತ್ತು.

ಆ ವರ್ಷ ಬೇಸಿಗೆಗೆ ಮೊದಲು ಕ್ಯಾಂಪಿನ ಟೀಮು ನೋಡಿಕೊಳ್ಳುವ ಈಶಪ್ಪ ಮೋಟರ್‌ಸೈಕಲ್ ಮೇಲೆ ಸುರಪುರಕ್ಕೆ ಬಂದ. ಮರಿಲಿಂಗಪ್ಪನನ್ನು ಬದಿಗೆ ಕರೆದು ಬಿಚ್ಚಿ ಹೇಳಿದ.

"ಈ ವರ್ಷ ಸುರಪುರದಿಂದ ಒಬ್ಬಾವ್ನೇ. ದೊಡ್ಡ ಸಾಹೇಬ್ರು ಮೊದಲ ಚಾಂದಪಾಶಾನ್ನ ಕೇಳು ಅಂದಾರ. ಆದರ ಅವನಿಗೆ ಯಾದಗಿರಿ ಗಂಜ್‌ನವರೂ ಕರದಾರ, ಪಗಾರ ಅಲ್ಲಿ ಹೆಚ್ಚದ. ಅವ ಅಲ್ಲಿಗಿ ಹೋದ ಅಂದ್ರ ನಮ್ಮ ಜಾಗಾ ನಿಂದೇ. ಕಾಲುವಿ ಗೇಟಿನ ಹಂತ್ಯಾಕ ಕೂತು ದಿನಾ ಮೂರು ಸಲ ನೀರಿನ ಅಳತಿ ನೋಡಿ ಬರ್ಕೊಳ್ಳೂ ಕೆಲಸ. ಕ್ವಾರ್ಟರ್ಸ್ ಕೊಡ್ತೀವಿ."

ನೋಡಿ ಬರೆದುಕೊಳ್ಳುವ ಕೆಲಸ! ಅದು ತನಗಾಗಿಯೇ ಹುಟ್ಟಿದ ಕೆಲಸವೆಂದು ಮರಿಲಿಂಗಪ್ಪನಿಗೆ ಅನ್ನಿಸಿತು. ಮನೆಗೆ ಹೋಗಿ ಹೇಳಿದಾಗ ಮೌನಮ್ಮ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

"ನಲ್ಲಿ ಮನಿ ಒಳಗೇ ಇರ್ತದಂತೇನ್ರಿ?"

"ಒಳಗೇ. ಅಡಗಿಮನ್ಯಾಗ."

ಅವಳು ಕೊಡವನ್ನು ಕಾಲಿನಿಂದ ಬದಿಗೆ ಸರಿಸಿದಳು. ಗುಡ್ಡದ ಊರಿನಲ್ಲಿ ದಿನಕ್ಕೆ ಆರು ಸಲ ಏರಿ ಇಳಿದು ನೀರು ತರುವವಳು. ಅವತ್ತಿನಿಂದ ದಿನಾ ಬೆಳಿಗ್ಗೆ "ಚಾಂದಪಾಶಾ ಏನಂದಾ?" ಎಂದು ಕೇಳತೊಡಗಿದಳು.

ಚಾಂದಪಾಶಾ ಯಾದಗಿರಿಗೇ ಹೋಗುತ್ತೇನೆಂದು ಎಲ್ಲರ ಮುಂದೆ ಹೇಳಿಯೂ ಆಗಿತ್ತು. ಮರಿಲಿಂಗಪ್ಪ ಅಲ್ಲಿಗೆ ಬಾಯಿಗೆ ಬೀಗ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ ಸುಮ್ಮನೆ ಕೂತಿದ್ದರೆ ಮುಗಿದಿತ್ತು. ಆದರೆ ಮತ್ಸರ ಸುಮ್ಮನೆ ಕೂಡಲು ಬಿಡುತ್ತದೆಯೇ? ಇವನು ಹೆಚ್ಚು ಪಗಾರಕ್ಕೆ ಯಾದಗಿರಿಗೆ ಹೋಗುತ್ತಾನೆ, ನಾನು ಇವನು ಬಿಟ್ಟ ಎಂಜಲು ಜಾಗಕ್ಕೆ ಹೋಗಬೇಕು. ಅಲ್ಲಿ ಹೋಗಿಯೂ ಇವನೇ ದೊಡ್ಡವನು. ಹೋಗಲಿ, ಆದರೆ ಗಂಜಿನವರು ಇವನನ್ನು ತಲೆಯ ಮೇಲೆ ಹೊತ್ತುಕೊಳ್ಳಬಾರದು, ಇವನ ಬೆಲೆ ಸ್ವಲ್ಪ ಇಳಿಯಬೇಕು. ಕೊನೆಯ ರವಿವಾರದ ಆಟದಲ್ಲಿ ಚಾಂದಪಾಶಾ ಒಂದು ಪೆನಾಲ್ಟಿ ತಪ್ಪಿಸಿದ್ದೇ ನೆಪವಾಯಿತು. ಮರಿಲಿಂಗಪ್ಪ ಇಡೀ ಹಾಳೆ ತುಂಬಿಸಿದ. "ಚಾಂದಪಾಶಾರ ಕಣ್ಣು ಬಾಲಿನ ಮೇಲಿರದೆ ಪ್ರೇಕ್ಷಕರ ಮೇಲಿತ್ತು. ಇತ್ತೀಚೆಗೆ ಅವರಲ್ಲಿ ಆಟಕ್ಕಿಂತ ಶೋಕಿಯೇ ಹೆಚ್ಚು. ಇಂಥವರನ್ನು ನಂಬಿ ಕರೆಯುವವರು ಯೋಚಿಸಬೇಕು." ಇದು ಸುಳ್ಳು. ಚಾಂದಪಾಶಾನ ಕಣ್ಣು ಬಾಲಿನ ಮೇಲೆಯೇ ಇತ್ತು, ಅವನಿಗೆ ಸ್ಟಿಕ್ ಹಿಡಿಯಲು ಕಲಿಸಿದ ಇವನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮಂಗಳವಾರ ಅದನ್ನೂ ಅವರ ಮನೆಯಲ್ಲಿ ಕೂತು ಓದಿದ. ಸುಗರಾಬಿ ಆ ದಿನ ಶಾಪ ಹಾಕಲಿಲ್ಲ, ಚಹಾನೂ ಇಡಲಿಲ್ಲ. ಬಳೆಯ ಬುಟ್ಟಿಯನ್ನು ಗೋಡೆಗೆ ಸರಿಸಿ ಮುಸುಕು ಹೊದ್ದು ಮಲಗಿಬಿಟ್ಟಳು.

ಮೂರು ದಿನ ಬಿಟ್ಟು ಚಾಂದಪಾಶಾ ಮರಿಲಿಂಗಪ್ಪನನ್ನು ಹುಡುಕಿಕೊಂಡು ಮೈದಾನಕ್ಕೆ ಬಂದ. ಮರಿಲಿಂಗಪ್ಪ ಕಲ್ಲಿನ ಮೇಲೆ ಕೂತು ಪ್ಯಾಡಿಗೆ ಹೊಲಿಗೆ ಹಾಕುತ್ತಿದ್ದ.

"ಅಣ್ಣಾ, ನಾ ಕ್ಯಾಂಪಿಗೆ ಸಹಿ ಹಾಕಿ ಬಂದೀನಿ."

ಸೂಜಿ ಬೆರಳಿಗೆ ಚುಚ್ಚಿತು. "ಕ್ಯಾಂಪಿಗೆ? ಯಾದಗಿರಿ ಅಂದಿದ್ದೆಲ್ಲೋ! ಅಲ್ಲಿ ಪಗಾರ ಹೆಚ್ಚದ!"

"ಪಗಾರ ತಗೊಂಡು ಏನು ಮಾಡ್ಲಿ ಅಣ್ಣಾ. ಇಲ್ಲಿ ಒಬ್ಬ ಪೇಪರ್‌ನವ ಬರದಿದ್ದಕ್ಕೇ ನಮ್ಮವ್ವ ಎರಡು ದಿನ ಉಂಡಿಲ್ಲ. ಗಿಡದ ಕೆಳಗ ಕುಂತ್ರ ಮಂದಿ ಬಳಿ ಇಟ್ಕೋತ ಕೇಳ್ತಾರಂತ, ನಿನ್ನ ಮಗ ಶೋಕಿ ಮಾಡ್ತಾನಂತಲ್ಲ ಅಂತ. ಯಾದಗಿರಿಯೊಳಗ ಮೂರು ಪೇಪರ್‌ನವರು ಅದಾರ. ಆಟ ಇದ್ದಾಗ ಗೋಲಿನ ಹಿಂದೇ ಕುರ್ಚಿ ಹಾಕ್ಕೊಂಡು ಕೂಡ್ತಾರಂತ. ಮೂರು ಮಂದಿ ಬರದ್ರ ನಮ್ಮವ್ವ ಸತ್ತೇ ಹೋಗ್ತಾಳ. ಕ್ಯಾಂಪಿನ್ಯಾಗ ಪೇಪರ್‌ನವರು ಯಾರೂ ಇಲ್ಲ. ಗೇಟಿನ ಒಳಗ ಆಡ್ತೀವಿ, ಗೆದ್ದ್ರ ನಮಗೇ ಗೊತ್ತು, ಸೋತ್ರ ನಮಗೇ ಗೊತ್ತು."

ಮರಿಲಿಂಗಪ್ಪ ಸೂಜಿ ಕೆಳಗಿಟ್ಟ. ತಾನೇ ಬರೆಬರೆದು ಇವನು ಪೇಪರೆಂದರೆ ನಡುಗುವಂತೆ ಮಾಡಿದ್ದ. ಆ ನಡುಕವೇ ಇವನನ್ನು ಯಾದಗಿರಿಯ ದಾರಿಯಿಂದ ತಿರುಗಿಸಿ ತನ್ನ ಜಾಗದಲ್ಲಿ ತಂದು ಕೂರಿಸಿತು. ಇನ್ನೂ ಕಾಲ ಮೀರಿರಲಿಲ್ಲ. ಈಶಪ್ಪನ ಹತ್ತಿರ ಹೋಗಿ ಸಹಿಯ ಕಾಗದ ಹರಿದುಹಾಕಿಸಬಹುದಿತ್ತು. ಒಂದೇ ಮಾತು ಸಾಕಿತ್ತು: ಹೆದರಬ್ಯಾಡೋ, ಅದನ್ನೆಲ್ಲ ಬರದಾವ ನಾನೇ, ಯಾದಗಿರಿಯವರಿಗೆ ನಿನ್ನ ಮ್ಯಾಲ ಅಷ್ಟು ಹೊಟ್ಟೆಕಿಚ್ಚಿಲ್ಲ, ಹೋಗು. ಅಷ್ಟು ಅಂದರೆ ಚಾಂದಪಾಶಾ ಯಾದಗಿರಿಗೆ ಹೋಗುತ್ತಿದ್ದ, ಅಡುಗೆಮನೆಯ ನಲ್ಲಿ ಮೌನಮ್ಮನದಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು.

"ಕ್ಯಾಂಪಿಗೆ ನೀ ಹೋಗೋನಿದ್ದಿ ಅಂತ ನನಗೆ ಗೊತ್ತಿಲ್ಲೇನು ಅಣ್ಣಾ" ಅಂದ ಚಾಂದಪಾಶಾ, ತಲೆ ತಗ್ಗಿಸಿ. "ನಿನ್ನ ಜಾಗಾ ಕಸ್ಕೊಂಡಂಗ ಆತು. ಗಂಜ್‌ನವರ ಹಂತ್ಯಾಕ ನಿನ್ನ ಹೆಸರು ಹೇಳಿ ಬಂದೀನಿ. ನಮ್ಮ ಅಣ್ಣನಂಥ ಗೋಲ್‌ಕೀಪರ್ ಈ ಕಡಿ ಯಾರೂ ಇಲ್ಲ ಅಂದೀನಿ. ಬಾ ಅಂದಾರ."

ನಾಲಿಗೆಯ ತುದಿಗೆ ಬಂದದ್ದು ಹಾಗೇ ಒಳಕ್ಕೆ ಇಳಿಯಿತು. ಇವನು ಒಳ್ಳೆಯವನು ಕೂಡ ಆಗಬೇಕೇ? ಅದರಲ್ಲೂ ನನ್ನನ್ನು ಮೀರಿಸಬೇಕೇ? ಮರಿಲಿಂಗಪ್ಪನಿಗೆ ಆ ಗಳಿಗೆಯಲ್ಲಿ ಉಪಕಾರ ಕಾಣಲಿಲ್ಲ, ಉರಿಯೇ ಕಂಡಿತು. ಸಹಿ ಹಾಕಿದ್ದು ಹಾಕಿದ ಹಾಗೇ ಉಳಿಯಿತು.

ಯಾದಗಿರಿಯಲ್ಲಿ ಜಿನ್ನಿನ ಹಿಂದಿನ ತಗಡಿನ ಕೋಣೆ ಸಿಕ್ಕಿತು. ನಲ್ಲಿ ಬೀದಿಯ ತುದಿಗೆ. ಮೌನಮ್ಮ ಒಂದು ದಿನ ಬಂದು ನೋಡಿ, ಸುರಪುರದ ಗುಡ್ಡವೇ ಚೆಂದವೆಂದು ತಿರುಗಿ ಹೋದಳು. ಆದರೂ ಮರಿಲಿಂಗಪ್ಪನಿಗೆ ಒಳಗೊಳಗೇ ಒಂದು ಆಸೆ ಇತ್ತು. ಇಲ್ಲಿ ಮೂರು ಪೇಪರಿನವರು. ಬರೆಯುವವರು ಬೇರೆಯವರು, ತಾನು ಸಂಕೋಚಪಡಬೇಕಾದ್ದಿಲ್ಲ. ಕೊನೆಗೂ ತನ್ನ ಹೆಸರು ಅಚ್ಚಾಗುತ್ತದೆ, ಚಹಾದ ಅಂಗಡಿಯಲ್ಲಿ ಜನ ಓದುತ್ತಾರೆ, ಮೌನಮ್ಮನೂ ಕೇಳುತ್ತಾಳೆ.

ಮೊದಲ ಪಂದ್ಯವೇ ಕ್ಯಾಂಪಿನ ಮೇಲೆ ಬಿತ್ತು. ಚಾಂದಪಾಶಾ ಹೇಳಿದ್ದು ಸುಳ್ಳಲ್ಲ, ಮೂವರು ಗೋಲಿನ ಹಿಂದೆಯೇ ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ಹಾಳೆ ಇಟ್ಟುಕೊಂಡಿದ್ದರು. ಮರಿಲಿಂಗಪ್ಪನಿಗೆ ಬೆನ್ನಿನಲ್ಲಿ ಪೆನ್ನು ಗೀಚುವ ಸದ್ದು ಕೇಳತೊಡಗಿತು. ಬಾಲಿನ ಕಡೆ ನೋಡಬೇಕೆಂದರೆ ಕಿವಿ ಹಿಂದಕ್ಕೆ ಎಳೆಯುತ್ತಿತ್ತು. ಏನು ಬರೆದರು? ಈಗ ಏನು ಬರೆದರು? ಎದುರಿಗೆ ಚಾಂದಪಾಶಾ. ಇಷ್ಟು ವರ್ಷ ಒಂದೇ ಟೀಮಿನಲ್ಲಿ ಆಡಿದ್ದರಿಂದ ಪಂದ್ಯದ ಬಿರುಸಿನಲ್ಲಿ ಅವನ ಹೊಡೆತ ಎದುರಿನಿಂದ ಹೇಗಿರುತ್ತದೆಂದು ಇವನು ನೋಡಿಯೇ ಇರಲಿಲ್ಲ. ಒಂದು ಹೋಯಿತು. ಎರಡು ಹೋಯಿತು. ಮೂರನೆಯದಕ್ಕೆ ಕೈ ಒಡ್ಡಿದ, ನಡುಬೆರಳು ಲಟಕ್ಕೆಂದಿತು, ಬಾಲು ಒಳಗೆ ಹೋಯಿತು. ಚಾಂದಪಾಶಾ ಗೋಲಿನ ಸಂತೋಷ ಬಿಟ್ಟು ಸ್ಟಿಕ್ ಎಸೆದು ಓಡಿಬಂದ. ಮರಿಲಿಂಗಪ್ಪ ಅವನ ಕೈ ಕೊಡವಿದ. ಹಟ ಹಿಡಿದು ಸೀಟಿ ಹೊಡೆಯುವ ತನಕ ನಿಂತ. ಐದು ಹೋದವು.

ಮರುದಿನ ಮೂರು ಪೇಪರಿನಲ್ಲೂ ಮರಿಲಿಂಗಪ್ಪನ ಹೆಸರಿತ್ತು. ಹುಟ್ಟಿದ ಮೇಲೆ ಮೊದಲ ಸಲ. "ಗೋಲ್‌ಕೀಪರ್ ಮರಿಲಿಂಗಪ್ಪ ಬಾಗಿಲು ತೆರೆದಿಟ್ಟು ಕಾವಲು ಕಾದರು" ಎಂದು ಒಬ್ಬ. "ಸುರಪುರದಿಂದ ಇಂಥವರನ್ನು ತರುವ ಅಗತ್ಯ ಏನಿತ್ತು" ಎಂದು ಇನ್ನೊಬ್ಬ. ಮೂರನೆಯದನ್ನು ಅವನು ಪೂರ್ತಿ ಓದಲಿಲ್ಲ. ಗಂಜಿನವರೂ ಓದಿದ್ದರು. ಕೈ ವಾಸಿಯಾದ ಮೇಲೆ ನೋಡೋಣ ಅಂದರು, ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿರುವುದೇ.

ಬೆರಳಿಗೆ ಅರಿವೆ ಸುತ್ತಿಕೊಂಡು ಬಸ್ಸಿಳಿದವನನ್ನು ಬೇವಿನ ಗಿಡದ ಕೆಳಗಿನಿಂದ ಸುಗರಾಬಿ ನೋಡಿಬಿಟ್ಟಳು. ತಪ್ಪಿಸಿಕೊಂಡು ಹೋಗಬೇಕೆನ್ನುವಷ್ಟರಲ್ಲಿ ಕೂಗಿ ಕರೆದಳು. ಬುಟ್ಟಿ ಸರಿಸಿ ಕೂರಿಸಿಕೊಂಡಳು.

"ನಿನ್ನೆ ಚಾಂದ್ ಬಂದಿದ್ದ. ಕ್ಯಾಂಪಿನ್ಯಾಗ ಯಾರೋ ಪೇಪರ್ ಓದಿ ಹೇಳ್ಯಾರಂತ. ನನ್ನಿಂದ ಅಣ್ಣನ ಮಾನ ಹೋಯ್ತವ್ವಾ ಅಂತ ಅತ್ತ ನೋಡು. ಗೆದ್ದ ಬಂದ ಹುಡುಗ ಊಟಾ ಸೈತ ಮಾಡ್ಲಿಲ್ಲ. ತೋರ್ಸು ಬೇಟಾ ಕೈ."

ಮರಿಲಿಂಗಪ್ಪ ಕೈ ಕೊಟ್ಟ. ಬಲಗೈ. ಅವಳು ಅರಿವೆ ಬಿಚ್ಚಿದಳು. ಬಳೆ ಏರದ ಬಿರುಸು ಕೈಗಳಿಗೆ ಹಚ್ಚಲೆಂದು ಇಟ್ಟುಕೊಂಡಿದ್ದ ಎಣ್ಣೆಯ ಸೀಸೆ ತೆಗೆದು ಅಂಗೈಗೆ ಸುರಿದುಕೊಂಡಳು. ಬಾತ ಬೆರಳನ್ನು ಬುಡದಿಂದ ತುದಿಯ ತನಕ ಮೆಲ್ಲಗೆ ನೀವತೊಡಗಿದಳು. ಸಾವಿರಾರು ಕೈಗಳನ್ನು ನೋಯಿಸದೆ ಬಳೆ ಇಟ್ಟ ಕೈ ಅದು. ತನ್ನ ತಾಯಿಯೂ ಹೀಗೆ ಹಿಡಿದದ್ದು ಅವನಿಗೆ ನೆನಪಿರಲಿಲ್ಲ. ನೋವಿನ ನಡುವೆಯೂ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಒಮ್ಮೆ ಎದ್ದಿತು. ಇಂಥ ತಾಯಿಯೂ ಅವನಿಗೇ!

"ನನ್ನ ಮಗನ ಮ್ಯಾಲ ಬರದ, ಈಗ ನಿನ್ನ ಮ್ಯಾಲ ಬರದ. ನನಗೆ ಗೊತ್ತದ, ಇದು ಅದೇ ಕೈ. ಬ್ಯಾರೆ ಯಾರಿಗೂ ಇಷ್ಟು ಹೊಟ್ಟೆಕಿಚ್ಚು ಇರಂಗಿಲ್ಲ."

"ಚಾಚೀ" ಅಂದ ಮರಿಲಿಂಗಪ್ಪ. "ಚಾಚೀ, ಅದು..." ಎಂದು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ.

"ಅಲುಗಾಡಬ್ಯಾಡ, ನೀವಾಕತ್ತೀನಿ" ಎಂದು ಸುಗರಾಬಿ ಅವನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಬೆರಳಿನ ಮೇಲೆ ಬಗ್ಗಿ ಉಫ್ ಎಂದು ಊದಿದಳು. ಆಮೇಲೆ ಎಣ್ಣೆ ನೀವುತ್ತಲೇ, ಕಣ್ಣಲ್ಲಿ ನೀರು ತುಂಬಿಕೊಂಡು ಅಂದಳು:

"ಅದನ್ನ ಬರದ ಕೈ ಸೇದಿ ಹೋಗ್ಲಿ ಬೇಟಾ."